ಕೊಳವೆಬಾವಿ ನನ್ನದು, ನೀರು ನಮ್ಮೆಲ್ಲರದು
ಸ್ವಯಂಸೇವಾ ಸಂಸ್ಥೆಗಳ ಕೆಲಸದಿಂದ ತೋಟಗಾರರು ಕಲಿಯಬಹುದಾದ ಪಾಠ



ಚಿತ್ರದುರ್ಗದ ದಕ್ಷಿಣಕ್ಕೆ ಹಬ್ಬಿರುವ ಜೋಗಿಮಟ್ಟಿಯ ಗುಡ್ಡಸಾಲನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ತಾಲ್ಲೂಕುಗಳು ಹಂಚಿಕೊಂಡಿವೆ. 2015ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದರೆ, ಕೆಳಗಿನ ಊರುಗಳಲ್ಲಿ ಅಡಿಕೆ ತೋಟಗಳ ಹಸಿರು ಕಾಣುತ್ತದೆ. ಹೊರಗಿನಿಂದ ಬಂದವರು ಈ ಹಸಿರನ್ನು ನೋಡಿ ಇದು ಬಯಲುಸೀಮೆಯೇ ಎಂದು ಬೆರಗಾಗುವುದುಂಟು. ಆದರೆ ಆ ಹಸಿರಿನ ಬೇರು ಎಷ್ಟು ಅಡಿ ಆಳಕ್ಕೆ ಇಳಿದಿದೆ ಎಂಬುದು ತೋಟದ ಯಜಮಾನನಿಗೇ ಗೊತ್ತು.

ಹಿರಿಯೂರಿನ ವಾಣಿ ವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. ಅದು 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಒಂದು ತಲೆಮಾರು ಹುಟ್ಟಿ, ಬೆಳೆದು, ಮುದಿಯಾಯಿತು. ಆ ವರ್ಷದ ಸಂತೋಷದಲ್ಲಿ ಎಷ್ಟೋ ಮಂದಿ ಹೊಲವನ್ನು ತೋಟ ಮಾಡಿದರು. ಮರು ವರ್ಷವೇ, ಅಂದರೆ 2023ರಲ್ಲಿ, ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಂಡವರ ಸಂಕಟವನ್ನು ಇಲ್ಲಿ ಬಣ್ಣಿಸಬೇಕಾಗಿಲ್ಲ. ಓದುಗರಲ್ಲಿ ಅನೇಕರು ಅದನ್ನು ಅನುಭವಿಸಿಯೇ ಬಲ್ಲರು.

ಈ ಸಂಕಟಕ್ಕೆ ಮಳೆಯನ್ನು ದೂರುವುದು ಸುಲಭ. ಅದಕ್ಕೆ ಮೊದಲು ಒಂದು ಲೆಕ್ಕವನ್ನು ನೋಡೋಣ.

ಒಂದು ಎಕರೆಯ ಲೆಕ್ಕ

ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ ಹಿಡಿಸುತ್ತವೆ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಎಂದರೂ ದಿನಕ್ಕೆ 10,800 ಲೀಟರ್ ಬೇಕು. ನೀರು ಕಟ್ಟುವ ಐದು ತಿಂಗಳನ್ನು 150 ದಿನವೆಂದು ಹಿಡಿದರೆ 16 ಲಕ್ಷ ಲೀಟರಿಗೂ ಮಿಕ್ಕುತ್ತದೆ.

ಈಗ ಬರುವ ನೀರನ್ನು ನೋಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರಿಗೆ ಸಮ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಎಕರೆಗೆ 24 ಲಕ್ಷ ಲೀಟರ್ ಆಯಿತು. ಆದರೆ ಅದೆಲ್ಲವೂ ನೆಲದೊಳಕ್ಕೆ ಇಳಿಯುವುದಿಲ್ಲ. ನಮ್ಮಂಥ ಗಟ್ಟಿಕಲ್ಲಿನ ಸೀಮೆಯಲ್ಲಿ ಬಿದ್ದ ಮಳೆಯ ಹತ್ತರಲ್ಲಿ ಒಂದು ಪಾಲು ಅಂತರ್ಜಲ ಸೇರಿದರೆ ಅದೇ ಹೆಚ್ಚು. ಅಂದರೆ ಸುಮಾರು 2 ಲಕ್ಷ 40 ಸಾವಿರ ಲೀಟರ್.

ಹೀಗಾಗಿ ಒಂದು ಎಕರೆ ತೋಟ ಕುಡಿಯುವ ಬೇಸಿಗೆಯ ನೀರು, ಆರೇಳು ಎಕರೆ ನೆಲದ ಮೇಲೆ ಬಿದ್ದು ಇಂಗಿದ ನೀರು. ಉಳಿದ ಐದಾರು ಎಕರೆ ಯಾರದು? ನೆರೆಯವನ ರಾಗಿ ಹೊಲ, ಊರ ಗೋಮಾಳ, ಅರಣ್ಯದ ಗುಡ್ಡ. ಕೊಳವೆಬಾವಿಯ ಬಾಯಿ ನಮ್ಮ ಸರ್ವೆ ನಂಬರಿನಲ್ಲಿದೆ, ಕರೆಂಟ್ ಮೀಟರು ನಮ್ಮ ಹೆಸರಿನಲ್ಲಿದೆ. ಆದರೆ ನೀರು ಮಾತ್ರ ಊರಿನದು. ಒಂದೇ ಕೊಡಕ್ಕೆ ಹತ್ತು ಮಂದಿ ಹತ್ತು ಕೊಳವೆ ಇಟ್ಟು ಹೀರುತ್ತಿದ್ದೇವೆ, ಕೊಡದಲ್ಲಿ ಎಷ್ಟು ಉಳಿದಿದೆ ಎಂದು ನೋಡುವವರು ಯಾರೂ ಇಲ್ಲ.

ಒಬ್ಬೊಬ್ಬರೇ ಮಾಡಲಾಗದ ಇಂಥ ಕೆಲಸಕ್ಕೆ ಜನರನ್ನು ಕೂಡಿಸುವುದು ಹೇಗೆ? ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರು ಲಾಭದ ಉದ್ದೇಶವಿಲ್ಲದೆ ಹಳ್ಳಿಗಳಲ್ಲಿ ಕೆಲಸ ಮಾಡಿದ ಸ್ವಯಂಸೇವಾ ಸಂಸ್ಥೆಗಳು. ಅವುಗಳ ಅನುಭವವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮುರಿದ ಸಂಘದಿಂದ ಹುಟ್ಟಿದ ಗುಂಪು

ಟಿಬೆಟಿನ ನಿರಾಶ್ರಿತರಿಗೆ ನಮ್ಮ ರಾಜ್ಯದಲ್ಲಿ ನೆಲೆ ಕಲ್ಪಿಸುವ ಸಲುವಾಗಿ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಅದು ಗ್ರಾಮೀಣ ಬಡವರ ಕೆಲಸಕ್ಕೆ ಇಳಿಯಿತು. ನಮ್ಮ ಹೊಳಲ್ಕೆರೆಯೂ ಅದರ ಕಾರ್ಯಕ್ಷೇತ್ರಗಳಲ್ಲಿ ಒಂದಾಯಿತು.

ಈ ಸಂಸ್ಥೆಯ ಚರಿತ್ರೆಯಲ್ಲಿ ಸಹಕಾರಿಗಳಾದ ನಮಗೆ ಕಹಿಯಾದರೂ ಹಿತವಾದ ಒಂದು ಸಂಗತಿಯಿದೆ. 1984-85ರ ಸುಮಾರಿಗೆ ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ತಾವು ಸಾಲ ತೀರಿಸಲು ಸಿದ್ಧ, ಆದರೆ ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಸಂಸ್ಥೆ. ಪರಸ್ಪರ ಬಲ್ಲ, ಒಬ್ಬರ ಮಾತಿಗೆ ಒಬ್ಬರು ಜಾಮೀನಾಗಬಲ್ಲ ಹದಿನೈದಿಪ್ಪತ್ತು ಮಂದಿಯ ಆ ಗುಂಪುಗಳೇ ಸ್ವಸಹಾಯ ಸಂಘಗಳ ಬೇರು. 1987ರಲ್ಲಿ ನಬಾರ್ಡ್ ಈ ಕೆಲಸಕ್ಕೆ 10 ಲಕ್ಷ ರೂಪಾಯಿ ನೆರವು ನೀಡಿತು. 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆ ದೇಶದ ಮಟ್ಟದಲ್ಲಿ ಆರಂಭವಾಯಿತು. ಇಂದು ಸ್ವಸಹಾಯ ಸಂಘವಿಲ್ಲದ ಹಳ್ಳಿಯನ್ನು ಹುಡುಕುವುದು ಕಷ್ಟ.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟೇ: ಯಾವ ಯಂತ್ರವೂ ಬರುವುದಕ್ಕೆ ಮೊದಲು ನಂಬಿಕೆಯ ಗುಂಪು ಬೇಕು. ಗುಂಪು ದೊಡ್ಡದಾಗುವುದಕ್ಕಿಂತ ಲೆಕ್ಕ ಎಲ್ಲರ ಕಣ್ಣ ಮುಂದೆ ಇರುವುದು ಮುಖ್ಯ.

ನೆಲದ ರಂಗೋಲಿ, ಆಕಾಶದ ಚಿತ್ರ

2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸುಜಲ ಜಲಾನಯನ ಯೋಜನೆ ಆರಂಭವಾಗಿ 2009ರವರೆಗೆ ನಡೆಯಿತು. ಕೋಲಾರ, ತುಮಕೂರು, ಧಾರವಾಡ, ಹಾವೇರಿಗಳೊಡನೆ ನಮ್ಮ ಚಿತ್ರದುರ್ಗವೂ ಆ ಐದು ಜಿಲ್ಲೆಗಳಲ್ಲಿ ಸೇರಿತ್ತು. ಒಟ್ಟು 77 ಉಪ ಜಲಾನಯನಗಳಲ್ಲಿ ಕೆಲಸ ನಡೆಯಿತು.

ಮೂರು ಕಡೆಯವರು ಇದರಲ್ಲಿ ಕೈಜೋಡಿಸಿದರು. ಸರ್ಕಾರದ ಜಲಾನಯನ ಅಭಿವೃದ್ಧಿ ಇಲಾಖೆಯದು ಹಣ ಮತ್ತು ಆಡಳಿತದ ಹೊಣೆ. ಸ್ವಯಂಸೇವಾ ಸಂಸ್ಥೆಗಳದು ಜನರನ್ನು ಕೂಡಿಸುವ ಹೊಣೆ. ನಮ್ಮ ಬಾಹ್ಯಾಕಾಶ ಸಂಸ್ಥೆಯ ವಾಣಿಜ್ಯ ಅಂಗವಾದ ಆಂಟ್ರಿಕ್ಸ್‌ನದು ಉಪಗ್ರಹದ ಚಿತ್ರಗಳ ಸಹಾಯದಿಂದ ಕೆಲಸದ ಫಲವನ್ನು ಅಳೆದು ತೋರಿಸುವ ಹೊಣೆ. ಬದು, ಕೃಷಿಹೊಂಡ, ತಡೆ ಅಣೆಗಳ ಕೆಲಸ ಆದ ಮೇಲೆ ನೆಲದ ಹಸಿರು ಹೆಚ್ಚಿತೇ ಇಲ್ಲವೇ ಎಂಬುದನ್ನು ಹಿಂದಿನ ಮತ್ತು ಈಗಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕ್ರಮ ಅದು. ಕಾಗದದ ಮೇಲೆ ಮಾತ್ರ ಕಟ್ಟಿದ ಬದು ಆಕಾಶದಿಂದ ಕಾಣುವುದಿಲ್ಲವಷ್ಟೆ!

ಆದರೆ ಉಪಗ್ರಹಕ್ಕೆ ಕಾಣದ ಸಂಗತಿಗಳೂ ಇವೆ. ಯಾವ ಹಳ್ಳ ಯಾವ ಮಳೆಗೆ ಹರಿಯುತ್ತದೆ, ಯಾರ ಹೊಲದ ಬದು ಪ್ರತಿ ವರ್ಷ ಒಡೆಯುತ್ತದೆ, ಯಾವ ಗೋಕಟ್ಟೆಯ ನೀರು ಶಿವರಾತ್ರಿಯವರೆಗೆ ಉಳಿಯುತ್ತದೆ ಎಂಬುದನ್ನು ಊರಿನವರೇ ಹೇಳಬೇಕು. ಇದಕ್ಕಾಗಿ ಸಂಸ್ಥೆಗಳು ಹಿಡಿದ ದಾರಿ ಬಹಳ ಸರಳ. ಊರ ನಡುವೆ ನೆಲದ ಮೇಲೆಯೇ ರಂಗೋಲಿ ಪುಡಿ, ಬೂದಿ, ಕಲ್ಲು, ಕಾಳುಗಳಿಂದ ಊರಿನ ನಕ್ಷೆ ಬರೆಯಿಸುವುದು. ಮೈರಾಡ 1989ರ ಸುಮಾರಿನಿಂದಲೇ ಈ ಕ್ರಮವನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದವರಲ್ಲಿ ಒಂದು. ಅಕ್ಷರ ಬಾರದ ಅಜ್ಜಿಯೂ ಕೈಯಲ್ಲಿ ಪುಡಿ ಹಿಡಿದರೆ ಊರಿನ ಇಳಿಜಾರನ್ನು ತಪ್ಪಿಲ್ಲದೆ ಬರೆಯಬಲ್ಲಳು. ಆಕೆ ಬರೆದ ನಕ್ಷೆ ಮತ್ತು ಆಕಾಶದಿಂದ ತೆಗೆದ ಚಿತ್ರ ಎರಡೂ ಸೇರಿದಾಗಲೇ ಯೋಜನೆ ಪೂರ್ಣವಾಗುತ್ತದೆ.

ದನಿಯ ಮೂಲಕ

ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬೂದಿಕೋಟೆ ಕೋಲಾರ ಜಿಲ್ಲೆಯಲ್ಲಿದೆ. ಅಲ್ಲಿ 2001ರ ಹೊತ್ತಿಗೆ ಮೈರಾಡ ಮತ್ತು ಬೆಂಗಳೂರಿನ ವಾಯ್ಸಸ್ ಸಂಸ್ಥೆ, ಯುನೆಸ್ಕೋದ ನೆರವು ಪಡೆದು 'ನಮ್ಮ ಧ್ವನಿ' ಎಂಬ ಕೇಂದ್ರ ಕಟ್ಟಿದವು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೂ ಊರ ಯುವಕರೂ ಧ್ವನಿಮುದ್ರಣ ಕಲಿತು ತಾವೇ ಕಾರ್ಯಕ್ರಮ ತಯಾರಿಸತೊಡಗಿದರು.

ಪ್ರಸಾರ ಮಾಡಲು ಕಾನೂನಿನ ಅಡ್ಡಿಯಿತ್ತು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದ್ದರೂ, ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಪರವಾನಗಿ ದೊರೆಯುವಂತಾದದ್ದು 2006ರ ನೀತಿಯಿಂದ. ಅಲ್ಲಿಯವರೆಗೆ ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಮೊದಲು ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸಿದರು. 2003ರಿಂದ ಟೆಲಿವಿಷನ್ನಿನ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು. ಇರುವ ಸಾಧನದಲ್ಲಿಯೇ ದಾರಿ ಹುಡುಕುವುದೆಂದರೆ ಹೀಗೆ.

ಕಾಫಿ ಬೆಳೆಗಾರರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 2018ರಲ್ಲಿ ಕಾಫಿ ಮಂಡಳಿಯು ಲಾಭರಹಿತ ಸಂಸ್ಥೆಯೊಂದರ ಜೊತೆಗೂಡಿ 'ಕಾಫಿ ಕೃಷಿ ತರಂಗ' ಎಂಬ ದೂರವಾಣಿ ಸೇವೆಯನ್ನು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಆರಂಭಿಸಿತು. ಮೊದಲ ವರ್ಷಕ್ಕೆ 30,000 ಬೆಳೆಗಾರರನ್ನು ಮುಟ್ಟುವ ಗುರಿ. ಬೋರರ್ ಹುಳುವಿನ ಕಾಲಕ್ಕೆ ಬೋರರಿನ ಮಾತು, ಗೊಬ್ಬರದ ಕಾಲಕ್ಕೆ ಗೊಬ್ಬರದ ಮಾತು ಕನ್ನಡದಲ್ಲಿಯೇ ಕಿವಿಗೆ ಬೀಳುವ ಏರ್ಪಾಡು. ಬೆಳೆಗಾರ ತನ್ನ ಪ್ರಶ್ನೆಯನ್ನು ದನಿಯಲ್ಲಿಯೇ ದಾಖಲಿಸಿ ಉತ್ತರ ಪಡೆಯಬಹುದು. ಇದಕ್ಕೆ ಬೆಲೆಬಾಳುವ ಫೋನು ಬೇಡ, ಓದು ಬರಹವೂ ಬೇಡ. ಆಲಿಸುವ ಕಿವಿ ಇದ್ದರಾಯಿತು.

ಲೇಖನಿ ಬೆಳೆಗಾರನ ಕೈಗೆ

ಅಡಿಕೆ ಬೆಳೆಗಾರರಿಗೆ ಪುತ್ತೂರಿನ 'ಅಡಿಕೆ ಪತ್ರಿಕೆ' ಹೊಸದಲ್ಲ. 1988ರಲ್ಲಿ ಆರಂಭವಾಗಿ, ಫಾರ್ಮರ್ ಫಸ್ಟ್ ಟ್ರಸ್ಟ್ ಮೂಲಕ ನಡೆದುಬಂದ ಈ ಮಾಸಿಕವನ್ನು ಶ್ರೀ ಪಡ್ರೆಯವರು ಮತ್ತು ಅವರ ಸಂಗಾತಿಗಳು ಬೆಳೆಸಿದ ರೀತಿಯೇ ಬೇರೆ. ತಜ್ಞರು ಬರೆದು ಕೃಷಿಕರು ಓದುವ ಪದ್ಧತಿಯನ್ನು ಬಿಟ್ಟು, ಕೃಷಿಕರೇ ಬರೆದು ಕೃಷಿಕರೇ ಓದುವ ಪದ್ಧತಿಯನ್ನು ಅವರು ಹಿಡಿದರು. ಬರೆಯಲು ಬಾರದೆಂದು ಹಿಂಜರಿದವರಿಗೆ ಶಿಬಿರ ನಡೆಸಿ ಬರೆಯಲು ಕಲಿಸಿದರು. ಮಳೆನೀರಿನ ಕೊಯ್ಲಿನ ಬಗ್ಗೆ ನಾಡಿನ ಮೂಲೆಮೂಲೆಯ ಯಶಸ್ಸುಗಳು ಈ ದಾರಿಯಲ್ಲಿಯೇ ಬೆಳಕಿಗೆ ಬಂದವು.

2021ರಲ್ಲಿ ರೋಗದ ಭೀತಿಯಿಂದ ಮಾರುಕಟ್ಟೆ ಮುಚ್ಚಿ ಬಾಳೆಕಾಯಿಯ ಬೆಲೆ ನೆಲ ಕಚ್ಚಿದಾಗ, ಇದೇ ಬಳಗ ವಾಟ್ಸಾಪ್ ಗುಂಪುಗಳ ಮೂಲಕ ಬಾಳೆಕಾಯಿ ಹುಡಿಯ, ಅಂದರೆ 'ಬಾಕಾಹು'ವಿನ, ಪ್ರಚಾರ ಕೈಗೊಂಡಿತು. ಒಬ್ಬ ಗೃಹಿಣಿ ಮಾಡಿ ನೋಡಿದ್ದನ್ನು ನೂರು ಮನೆಯವರು ಅಂದೇ ಕಂಡರು. ಮರುದಿನ ಅವರ ಮನೆಯ ದೋಸೆಯೂ ಗುಂಪಿಗೆ ಬಂತು. ಗಮನಿಸಬೇಕಾದ ಮಾತೆಂದರೆ, ವಾಟ್ಸಾಪ್ ಬರುವುದಕ್ಕೆ ಬಹಳ ಹಿಂದೆಯೇ ಆ ಓದುಗ ಬಳಗ ಕೂಡಿತ್ತು. ಸಾಧನ ಹೊಸದು, ನಂಟು ಹಳೆಯದು.

ನೆರೆಯ ಅನಂತಪುರದಲ್ಲಿ

ನಮ್ಮ ಕಷ್ಟಕ್ಕೆ ಅತಿ ಸಮೀಪದ ಪಾಠ ಗಡಿಯಾಚೆಯ ಅನಂತಪುರದಿಂದ ಬಂದಿದೆ. ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2003ರಿಂದ ಹಲವು ವರ್ಷ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಿಂದ, ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳು ರೈತರೇ ಅಂತರ್ಜಲವನ್ನು ನಿರ್ವಹಿಸುವ ಕಾರ್ಯಕ್ರಮ ನಡೆಸಿದವು.

ಅಲ್ಲಿ ಸಹಾಯಧನ ಕೊಡಲಿಲ್ಲ, ಇಂಥದೇ ಬೆಳೆ ಇಡಿ ಎಂದು ಅಪ್ಪಣೆಯನ್ನೂ ಮಾಡಲಿಲ್ಲ. ರೈತರ ಕೈಗೆ ಮಳೆಮಾಪಕ ಕೊಟ್ಟರು, ಕೊಳವೆಬಾವಿಯ ನೀರಿನ ಮಟ್ಟ ಅಳೆಯುವುದನ್ನು ಕಲಿಸಿದರು. ಗಂಡಸರೂ ಹೆಂಗಸರೂ ನಿಯಮಿತವಾಗಿ ಅಳೆದು ಪುಸ್ತಕದಲ್ಲಿ ಬರೆದು ಊರ ಗೋಡೆಯ ಮೇಲೂ ಬರೆದರು. ಹಿಂಗಾರಿನ ಬಿತ್ತನೆಗೆ ಮೊದಲು ಎಲ್ಲರೂ ಸೇರಿ ಇರುವ ನೀರೆಷ್ಟು, ಇಡಬೇಕೆಂದಿರುವ ಬೆಳೆಗಳಿಗೆ ಬೇಕಾದ ನೀರೆಷ್ಟು ಎಂದು ಆಯವ್ಯಯದ ಲೆಕ್ಕ ಹಾಕಿದರು. ಕೊರತೆ ಕಂಡರೆ ಏನು ಮಾಡಬೇಕೆಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು. ಎಷ್ಟೋ ಮಂದಿ ಹೆಚ್ಚು ನೀರಿನ ಬೆಳೆ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಿರುಗಿದರು. 2010ರ ವಿಶ್ವಬ್ಯಾಂಕಿನ ವರದಿಯೊಂದು ಈ ಪ್ರಯೋಗವನ್ನು ವಿಶೇಷವಾಗಿ ಗುರುತಿಸಿತು.

ಆದರೆ ಇಲ್ಲೊಂದು ಭೇದವನ್ನು ಮರೆಯಬಾರದು. ಅವರು ಭತ್ತ ಬಿಟ್ಟು ಬೇರೆ ಬೆಳೆ ಇಡಬಹುದು. ನಾವು ಅಡಿಕೆ ಮರವನ್ನೋ ಕಾಫಿ ಗಿಡವನ್ನೋ ಈ ವರ್ಷ ಕಿತ್ತು ಮುಂದಿನ ವರ್ಷ ನೆಡಲಾಗದು. ಆದ್ದರಿಂದ ನಮ್ಮ ಲೆಕ್ಕ ಬೇರೆ ಕಡೆಗೆ ನೋಡಬೇಕು: ಹೊಸ ತೋಟ ಎಬ್ಬಿಸುವ ಮುನ್ನ ಈ ಲೆಕ್ಕ ಬೇಕು, ಮುಚ್ಚಿಗೆ, ಹನಿ ನೀರಾವರಿಗಳಿಂದ ಎಷ್ಟು ಉಳಿಸಬಹುದೆಂಬ ಲೆಕ್ಕ ಬೇಕು, ಬೇಸಿಗೆ ಕಠಿಣವೆಂದು ಕಾರ್ತಿಕದಲ್ಲಿಯೇ ಗೊತ್ತಾದರೆ ಪೌಷದಿಂದಲೇ ನೀರನ್ನು ಹಿಡಿದು ಬಿಡುವ ಲೆಕ್ಕ ಬೇಕು. ಟ್ಯಾಂಕರಿಗೆ ಫೋನು ಮಾಡುವ ದಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಬೀರು ಸೇರಿದ ಯಂತ್ರ

ಎಲ್ಲ ಪ್ರಯತ್ನಗಳೂ ಫಲಿಸುತ್ತವೆ ಎಂದು ನಾವು ಹೇಳುವುದಿಲ್ಲ. ನಮ್ಮ ಕಡೆಯ ಒಂದು ಊರಿಗೆ ಸಂಸ್ಥೆಯೊಂದು ಹಿಂದೊಮ್ಮೆ ಕಂಪ್ಯೂಟರನ್ನು ತಂದು ಕೊಟ್ಟಿತ್ತು. ಉದ್ಘಾಟನೆಯ ದಿನ ಹಾರ ತುರಾಯಿ ಎಲ್ಲ ಆಯಿತು. ಬೆಲೆ, ಹವಾಮಾನ ಎಲ್ಲವೂ ಅದರಲ್ಲಿ ಸಿಗುತ್ತದೆಂದು ಭಾಷಣವೂ ಆಯಿತು. ನಡೆಸಲು ಕಲಿತಿದ್ದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಕರೆಂಟು ಇದ್ದಾಗ ಆಳಿಲ್ಲ, ಆಳು ಇದ್ದಾಗ ಕರೆಂಟಿಲ್ಲ. ಕೊನೆಗೆ ಅದರ ಮೇಲೆ ಟವೆಲು ಹೊದಿಸಿ ಬೀರುವಿನಲ್ಲಿಟ್ಟರು. ಕೊಟ್ಟವರದೂ ತಪ್ಪು, ತೆಗೆದುಕೊಂಡ ನಮ್ಮವರದೂ ತಪ್ಪು. ಊರಿಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೇಲೆ ಹೇಳಿದ ಯಶಸ್ಸುಗಳನ್ನೂ ಈ ಸೋಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಂತರ ತಾನೇ ತಿಳಿಯುತ್ತದೆ. ಗೆದ್ದ ಕಡೆಯಲ್ಲೆಲ್ಲ ಪ್ರಶ್ನೆ ಊರಿನದು, ಅಳತೆ ಊರಿನವರ ಕೈಯದು, ಫಲಿತಾಂಶ ಎಲ್ಲರಿಗೂ ಕಾಣುವಂಥದು. ಯಂತ್ರ ಇವುಗಳ ಸೇವೆಗೆ ಬಂದದ್ದು ಮಾತ್ರ.

ನಾವು ಮಾಡಬಹುದಾದದ್ದು

ನಮ್ಮ ಸಂಘದ ಸದಸ್ಯರು ಊರಿಗೆ ಹತ್ತು ಹದಿನೈದು ಮಂದಿ ಸೇರಿ ಈ ಕೆಳಗಿನ ಕೆಲಸವನ್ನು ಈ ವರ್ಷವೇ ಕೈಗೊಳ್ಳಬಹುದು. ಖರ್ಚು ಹೆಚ್ಚಿಲ್ಲ.

ಮೊದಲನೆಯದು ಮಳೆಯ ಅಳತೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಸರ್ಕಾರದ ಮಳೆಮಾಪಕಗಳಿವೆ. ಆದರೆ ಹುಬ್ಬೆ ಮಳೆ ಒಂದು ಹೊಲಕ್ಕೆ ಬಂದು ಪಕ್ಕದ ಹೊಲಕ್ಕೆ ಬಾರದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಬಾಯಿಯೂ ತಳವೂ ಒಂದೇ ಅಗಲವಿರುವ ನೇರ ಗೋಡೆಯ ಪಾತ್ರೆಯನ್ನು ಮರದ ನೆರಳಿಲ್ಲದ ಬಯಲಿನಲ್ಲಿಟ್ಟು, ಬೆಳಿಗ್ಗೆ ಎಂಟೂವರೆಗೆ ಅಳತೆ ಪಟ್ಟಿ ಇಳಿಬಿಟ್ಟು ಎಷ್ಟು ಮಿಲಿಮೀಟರ್ ಎಂದು ಬರೆದುಕೊಂಡರೆ ಸಾಕು.

ಎರಡನೆಯದು ಕೊಳವೆಬಾವಿಯ ಇಳುವರಿ. ಎರಡು ಇಂಚು, ಒಂದೂವರೆ ಇಂಚು ಎಂಬ ಬಾಯಿಮಾತಿನ ಲೆಕ್ಕವನ್ನು ಬಿಡೋಣ. 20 ಲೀಟರಿನ ಬಕೆಟ್ಟು 10 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರ್. ಮೋಟಾರು ಹಾಕಿ ಅರ್ಧ ಗಂಟೆಯಾದ ಮೇಲೆ ಅಳೆಯಬೇಕು. ತಿಂಗಳಿಗೊಮ್ಮೆ, ಅದೇ ತಾರೀಖಿಗೆ, ಅದೇ ಬಕೆಟ್ಟಿನಲ್ಲಿ.

ಮೂರನೆಯದು ನೀರಿನ ಮಟ್ಟ. ಮೋಟಾರು ಇಳಿಸಿರುವ ಬಾವಿಯಲ್ಲಿ ಹಗ್ಗ ಬಿಡುವುದು ಅಪಾಯ. ಕೈಬಿಟ್ಟ ಕೊಳವೆಬಾವಿಗಳು ಪ್ರತಿ ಊರಿನಲ್ಲಿಯೂ ಇವೆಯಲ್ಲ, ಅಂಥ ಒಂದೆರಡನ್ನು ಆರಿಸಿ ತೂಕ ಕಟ್ಟಿದ ದಾರವನ್ನು ಇಳಿಬಿಟ್ಟು ಅಳೆಯಬಹುದು. ಅಳೆದ ತಕ್ಷಣ ಬಾಯಿಗೆ ಗಟ್ಟಿ ಮುಚ್ಚಳ ಬಿಗಿಯಬೇಕು. ತೆರೆದ ಕೊಳವೆಬಾವಿ ಊರ ಮಕ್ಕಳಿಗೆ ಮೃತ್ಯುಕೂಪ. ಅಳತೆ ತಪ್ಪಿದರೂ ಚಿಂತೆಯಿಲ್ಲ, ಮುಚ್ಚಳ ತಪ್ಪಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಈ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಹಾಲಿನ ಡೇರಿಯ ಗೋಡೆಯ ಮೇಲೋ ಸೊಸೈಟಿಯ ಹಲಗೆಯ ಮೇಲೋ ಬರೆಯುವುದು, ಊರ ವಾಟ್ಸಾಪ್ ಗುಂಪಿಗೂ ಹಾಕುವುದು. ಇಲ್ಲಿ ನಮ್ಮ ಮನಸ್ಸು ಹಿಂದೇಟು ಹಾಕುತ್ತದೆ. ನೀರು ಕಡಿಮೆಯಾಗಿದೆಯೆಂದು ತಿಳಿದರೆ ಖೇಣಿದಾರ ತೋಟಕ್ಕೆ ಬೆಲೆ ಇಳಿಸಿಯಾನು, ಮಗಳ ಸಂಬಂಧಕ್ಕೆ ಅಡ್ಡಿಯಾದೀತು ಎಂಬ ಅಳುಕು ಸಹಜವೇ. ನೀರು ಹೆಚ್ಚಿದ್ದವನಿಗೂ ನೆರೆಯವನು ಕೇಳಿಯಾನೆಂಬ ಅಳುಕು. ಹೀಗಾಗಿ ಮೊದಲ ವರ್ಷ ಹೆಸರು ಬೇಡ. ಒಂದು, ಎರಡು, ಮೂರು ಎಂದು ಬಾವಿಗಳಿಗೆ ಸಂಖ್ಯೆ ಕೊಟ್ಟರೆ ಸಾಕು. ನಂಬಿಕೆ ಬೆಳೆದ ಮೇಲೆ ಹೆಸರು ತಾನಾಗಿ ಬರುತ್ತದೆ.

ಹೀಗೆ ಒಂದು ವರ್ಷ ಬರೆದರೆ ಊರಿಗೆ ತನ್ನ ನೀರಿನ ಪುಸ್ತಕ ಸಿದ್ಧವಾಗುತ್ತದೆ. ಅದನ್ನು ಹಿಡಿದು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು, ಇಲಾಖೆಯವರನ್ನು ಕೇಳಬಹುದು, ನೆರವಿಗೆ ಬರುವ ಸಂಸ್ಥೆಗಳನ್ನೂ ಕೇಳಬಹುದು. ನಮ್ಮ ಹಳ್ಳಕ್ಕೆ ತಡೆ ಅಣೆ ಬೇಕು ಎಂದು ಬರಿಗೈಯಲ್ಲಿ ಕೇಳುವುದಕ್ಕೂ, ಈ ಹಳ್ಳದ ಕೆಳಗಿನ ಆರು ಬಾವಿಗಳು ಇಂಥ ತಿಂಗಳಿನಿಂದ ಇಷ್ಟು ಇಳಿದಿವೆ ನೋಡಿ ಎಂದು ತೋರಿಸಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದರು ಹಿರಿಯರು. ಅಡಿಕೆಯನ್ನು ಕೂಡಿ ಮಾರಲು ನಾವು ಸಹಕಾರ ಸಂಘ ಕಟ್ಟಿಕೊಂಡೆವು. ಕಾಫಿಯನ್ನು ಕೂಡಿ ಮಾರಲು ಕಟ್ಟಿಕೊಂಡೆವು. ಆದರೆ ಅವೆರಡಕ್ಕೂ ಆಧಾರವಾದ ನೀರನ್ನು ಮಾತ್ರ ಇಂದಿಗೂ ಒಬ್ಬೊಬ್ಬರೇ, ರಾತ್ರಿ ಕರೆಂಟು ಬರುವುದನ್ನೇ ಕಾದು, ಎತ್ತುತ್ತಿದ್ದೇವೆ. ಜೋಗಿಮಟ್ಟಿಯ ಮೇಲೆ ಬಿದ್ದ ಮಳೆ ಇಳಿಯುವಾಗ ತಾಲ್ಲೂಕಿನ ಗಡಿಯನ್ನೂ ನೋಡುವುದಿಲ್ಲ, ಸರ್ವೆ ನಂಬರನ್ನೂ ನೋಡುವುದಿಲ್ಲ.

ಬರುವ ಭರಣಿ ಮಳೆಗೆ ಮೊದಲು ಊರಿಗೊಂದು ಪಾತ್ರೆ, ಒಂದು ಪುಸ್ತಕ, ಒಂದು ಹಲಗೆ ಸಿದ್ಧವಾಗಲಿ. ಬರೆದ ಅಂಕಿಗಳನ್ನು ಸದಸ್ಯರು ನಮಗೆ ಕಳುಹಿಸಿಕೊಟ್ಟರೆ ಈ ಪುಟಗಳಲ್ಲಿಯೇ ಸಂತೋಷದಿಂದ ಪ್ರಕಟಿಸುತ್ತೇವೆ.